ಬಾಟಲಿ ಬಿಟ್ಟು ಹೋಗಬೇಕು

ಇಲ್ಲಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಅದು ಗೊತ್ತಿಲ್ಲದೆ ಮೊದಲ ದಿನ ಚನ್ನಪಟ್ಟಣದ ಹೋಟೆಲಿನಲ್ಲಿ ರೊಟ್ಟಿ ಅಗಿಯುವಂತೆ ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಎದುರು ಕೂತವರು ಊಟ ನಿಲ್ಲಿಸಿ ನನ್ನನ್ನೇ ನೋಡಿದರು.

ಬಾಗಲಕೋಟೆ ಕಡೆಯ ನಾನು ಭೂಮಾಪಕನಾಗಿ ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ದೊಡ್ಡಮಳೂರಿನಲ್ಲಿ ನಿಂಗಮ್ಮ ಎಂಬ ಹಿರಿಯರ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿದೆ. ಸ್ವಲ್ಪ ಅನ್ನುವುದಕ್ಕೆ ಇವರು 'ಒಸಿ' ಅನ್ನುತ್ತಾರೆ. ನನ್ನ ಮಾತು ಕೇಳಿ ನಗುತ್ತಾರೆ, ಕೆಟ್ಟ ನಗುವೇನಲ್ಲ. ಆದರೂ ನಗುವವರ ನಡುವೆ ಎಷ್ಟಂತ ಮಾತಾಡುವುದು? ನಮ್ಮ ಕಡೆ ಸಂಜೆ ಕಟ್ಟೆಯ ಮೇಲೆ ಕೂತರೆ ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಇಲ್ಲಿ 'ಸರ್ವೆ ಸಾರು ಬಂದ್ರು' ಎಂದು ಕೂತವರೂ ಎದ್ದು ನಿಲ್ಲುತ್ತಾರೆ. ಊರ ಕಡೆ ವರ್ಗ ಕೇಳಿ ಅರ್ಜಿ ಹಾಕಿಕೊಂಡಿದ್ದೇನೆ.

ಕಳೆದ ಭಾನುವಾರ ಕರಿಬೇವಿನ ಸಸಿ ನೆಡಲು ಹಿತ್ತಿಲ ಹಳೆ ಹೆಂಚಿನ ರಾಶಿ ಸರಿಸಿದೆ. ಕೆಳಗೆ ಮೂರು ಗೋಲಿ ಸೋಡಾ ಬಾಟಲಿ. ಎರಡರ ಕತ್ತು ಮುರಿದಿತ್ತು. ಮೂರನೆಯದನ್ನು ಅಲ್ಲಾಡಿಸಿದರೆ ಒಳಗಿನ ಗೋಲಿ ಟಣ್ ಎಂದಿತು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ನಮ್ಮಪ್ಪ ಊರಿನ ಬಸ್ ಸ್ಟ್ಯಾಂಡಿನಲ್ಲಿ ಸೋಡಾ ಮಾರುತ್ತಿದ್ದ. ಅವನು ಸತ್ತ ಮೇಲೆ ಬಾಟಲಿಗಳನ್ನೆಲ್ಲ, ಒಂದನ್ನೂ ಉಳಿಸದೆ, ಗುಜರಿಯವನಿಗೆ ಕೊಟ್ಟವನು ನಾನೇ. ಮನೆಯಲ್ಲಿ ಜಾಗವಿಲ್ಲ ಎಂದು ಎಲ್ಲರಿಗೂ ಹೇಳಿದೆ. ಜಾಗ ಇತ್ತು. ಸೋಡಾ ಮಾರುವವನ ಮಗ ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಸದ್ದಿಲ್ಲದೆ ಒಳಗಿಟ್ಟುಕೊಳ್ಳೋಣ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಚೆನ್ನಾಗಿ ತೊಳೆದು ನಿಂಗಮ್ಮನವರ ಮುಂದೆ ಇಟ್ಟೆ.

"ಅಯ್ಯೋ, ನಮ್ಮೆಜಮಾನ್ರವು," ಎಂದರು. "ಸೈಕಲ್ ಮೇಲೆ ಇಟ್ಕಂಡು ಮಾರ್ತಿದ್ರು. ಎಲ್ಲಾ ಒಂಟೋದ್ವು ಅನ್ಕಂಡಿದ್ದೆ."

ಬಾಟಲಿಗೆ ನೀರು ತುಂಬಿ ನನ್ನ ಕೈಗೇ ಕೊಟ್ಟರು. "ಒಸಿ ಕುಡೀರಿ ಸಾರ್, ನೋಡವಾ."

ಕತ್ತಿನಲ್ಲಿರುವ ಎರಡು ಕುಳಿ ಕೆಳಗೆ ಬರುವಂತೆ ಹಿಡಿದು ಎತ್ತಬೇಕು, ಆಗ ಗೋಲಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ತಪ್ಪಿ ಹಿಡಿದರೆ ಗೋಲಿ ಬಾಯಿಗೆ ಉರುಳಿ ಅಡ್ಡ ಕೂರುತ್ತದೆ, ಕುಡಿಯಲಾಗುವುದಿಲ್ಲ. ನನ್ನ ಕೈ ತಾನಾಗಿ ತಿರುಗಿತು.

"ಮುದ್ದೆ ನುಂಗಕ್ಕೆ ಬರಕಿಲ್ಲ, ಇದು ಬತ್ತದಲ್ಲ ನಿಮ್ಗೆ," ಎಂದು ನಕ್ಕರು. ಎಂಟು ತಿಂಗಳಲ್ಲಿ ಮೊದಲ ಸಲ ನಾನೂ ಜೊತೆಗೆ ನಕ್ಕೆ. ಅಪ್ಪನ ವಿಷಯ, ಗುಜರಿಯ ವಿಷಯ ಎಲ್ಲ ಹೇಳಿಕೊಂಡೆ.

"ಇದನ್ನ ನನಗ ಕೊಡ್ತೀರೇನ್ರಿ ಅಮ್ಮಾ? ಊರಿಗೆ ಒಯ್ತೀನಿ."

ಅವರು ಬಾಟಲಿಯನ್ನು ಸೆರಗಿನಿಂದ ಒರೆಸಿದರು. "ಸೋಡಾ ಕುಡ್ದೋರು ಬಾಟ್ಲಿ ಬುಟ್ಟೋಗ್ಬೇಕು ಕಣಪ್ಪ. ನಮ್ಮೆಜಮಾನ್ರು ಯಾರ್ಗೂ ಕೊಡ್ತಿರ್ನಿಲ್ಲ. ಇಲ್ಲಿರೋಗಂಟ ನಿನ್ತಾವೇ ಮಡಿಕ. ಓಗೋವಾಗ ಇಲ್ಲೇ ಮಡಗಿ ಓಗು."

ಅಪ್ಪನದೂ ಅದೇ ಕಟ್ಟಳೆ. ಬಾಟಲಿ ಹಿಡಿದು ಬಸ್ ಹತ್ತಿದವರ ಹಿಂದೆ ಓಡಿಹೋಗಿ ಇಸಿದುಕೊಂಡು ಬರುತ್ತಿದ್ದ. ಕೈ ಚಾಚಿ ಬಾಟಲಿ ತೆಗೆದುಕೊಂಡೆ. ಅವರ ಬಾಯಲ್ಲಿ 'ಸಾರ್' ಹೋಗಿ 'ಕಣಪ್ಪ' ಬಂದದ್ದು ಆಮೇಲೆ ನೆನಪಾಯಿತು.

ಈಗ ಬಾಟಲಿ ನನ್ನ ಕಿಟಕಿಯಲ್ಲಿದೆ. ಊಟ ಈಗಲೂ ಒಬ್ಬನದೇ. ಕಚೇರಿಗೆ ಹೋದೊಡನೆ ವರ್ಗಾವಣೆ ಆದೇಶ ಬಂತೇ ಎಂದು ಕೇಳುತ್ತೇನೆ. ಇಲ್ಲ ಎಂದರೆ ದಿನವಿಡೀ ಮನಸ್ಸು ಕುಗ್ಗಿರುತ್ತದೆ. ಸಂಜೆ ಬೀಗ ತೆಗೆದು ಒಳಗೆ ಬಂದು ಕಿಟಕಿಯತ್ತ ನೋಡಿದಾಗ, ಬರದಿದ್ದುದೇ ಒಳ್ಳೆಯದಾಯಿತು ಅನ್ನಿಸುತ್ತದೆ.