ಕೆಂಪು ನೂಲಿನ ದಿನದ ರೋಜಾ

ಒಂಬತ್ತನೇ ತರಗತಿಯಲ್ಲಿದ್ದಾಗ ನನಗೆ ಧರ್ಮವೆಲ್ಲ ಬಾಯಿಪಾಠವಾಗಿತ್ತು. ರೋಜಾ ಎಂದರೆ ಉಪವಾಸ, ನಿಯತ್ ಎಂದರೆ ಮನಸ್ಸಿನ ಸಂಕಲ್ಪ, ಸಹರಿ ಎಂದರೆ ಬೆಳಕು ಹರಿಯುವ ಮುಂಚಿನ ಊಟ, ಕಜಾ ಎಂದರೆ ತಪ್ಪಿದ್ದನ್ನು ಮುಂದೊಂದು ದಿನ ತುಂಬಿಕೊಡುವುದು ಎಂದು ಮಸೀದಿಯ ಪಾಠದಲ್ಲಿ ಪಟಪಟ ಹೇಳಿ ಒಂದು ಪೆನ್ನು ಬಹುಮಾನ ಗಿಟ್ಟಿಸಿದ್ದೆ. ಪದದ ಅರ್ಥ ಗೊತ್ತಿದ್ದರೆ ಎಲ್ಲ ಗೊತ್ತು ಎಂದುಕೊಳ್ಳುವ ವಯಸ್ಸು. ನನ್ನ ಪಾಂಡಿತ್ಯಕ್ಕೆ ಮೊದಲು ಸಿಕ್ಕಿದವರು ನಮ್ಮ ಅಬ್ಬಾ.

ಅಬ್ಬಾ ರಬಕವಿಯಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗಿನ ನೂಲು ತೀರಿದಾಗ ಹೊಸ ನೂಲು ಹಾಕಿ, ಲಾಳಿಯ ತೂತಿಗೆ ಬಾಯಿಟ್ಟು ಉಸಿರು ಜಗ್ಗಿದರೆ ಎಳೆ ಸರ್ರನೆ ಹೊರಗೆ ಬರುತ್ತದೆ. ನಮ್ಮ ಓಣಿಯ ನೇಕಾರರೆಲ್ಲ ಹಾಗೇ ಮಾಡುವವರು. ದಿನಕ್ಕೆ ಎಷ್ಟು ಸಲ ಎಂದು ಅವರಿಗೇ ತಿಳಿಯದು.

ಆ ವರ್ಷ ರಂಜಾನ್ ಕಡುಬೇಸಿಗೆಯಲ್ಲಿ ಬಂದಿತ್ತು. ಅಬ್ಬಾಗೆ ಸಕ್ಕರೆ ಕಾಯಿಲೆ ಹೊಸದಾಗಿ ಅಂಟಿತ್ತು. ಉಪವಾಸಕ್ಕೆ ಡಾಕ್ಟರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ಅಂತೂ ಹದಿನೇಳು ರೋಜಾ ದಾಟಿಸಿ, ಹದಿನೆಂಟನೆಯ ದಿನ ಮಧ್ಯಾಹ್ನ ಮಗ್ಗದ ಮುಂದಿದ್ದರು. ನಾನು ಹೋಗಿ ನಿಂತಾಗಲೇ ಲಾಳಿಗೆ ಬಾಯಿ ಹಾಕಿದರು.

“ಅಬ್ಬಾ, ರೋಜಾ ಮುರೀತು,” ಎಂದೆ. “ನೂಲಿನ ಧೂಳಾ ಗಂಟಲಕ್ಕ ಹೋಗ್ತೈತಿ. ಏನೂ ಒಳಗ ಹೋಗಬಾರದು.”

ಮಗ್ಗ ನಿಂತಿತು. “ಹಂಗಾದ್ರ ಹದಿನೇಳೂ ಹೋದ್ವೇನು?”

“ಹೌದು. ಎಲ್ಲಾ ಕಜಾ ಹಿಡೀಬೇಕು.”

ಅವರ ಮುಖ ನೋಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅಮ್ಮಿ ಒಳಗಿನಿಂದ ಬಂದು ನನ್ನ ಜನ್ಮ ಜಾಲಾಡಿದಳು. ಅಬ್ಬಾ ಮಾತ್ರ, ಈದ್ ಆದ ಮರುದಿನದಿಂದಲೇ ಹೋದ ರೋಜಾಗಳನ್ನೆಲ್ಲ ಸಾಲಾಗಿ ಮತ್ತೆ ಹಿಡಿಯುತ್ತೇನೆ ಎಂದು ಹಟ ಹಿಡಿದರು. ಸಂಜೆಯಾದರೆ ಅವರ ಕೈ ನಡುಗುತ್ತಿತ್ತು. ಇನ್ನಷ್ಟು ಉಪವಾಸಕ್ಕೆ ಆ ಮೈ ತಾಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಏನಾದರೂ ಆದರೆ ಅದು ನನ್ನ ಬಾಯಿಂದಲೇ ಆದದ್ದು.

ಅಂಗಲಾಚಿ, ಇಳಿಹೊತ್ತಿನ ನಮಾಜು ಮುಗಿದ ಮೇಲೆ ಅವರನ್ನು ಮಸೀದಿಯ ಮೌಲಾನಾ ಅವರ ಮನೆಗೆ ಕರೆದುಕೊಂಡು ಹೋದೆ. ಮೌಲಾನಾ ನಗದೆ ಎಲ್ಲ ಕೇಳಿಸಿಕೊಂಡರು.

“ನೂಲಿನ ಬಣ್ಣ ಯಾವುದ್ರಿ?”

“ಬಿಳೇದ್ರಿ,” ಎಂದರು ಅಬ್ಬಾ.

“ಧೂಳಾ ಬೇಕಂತ ನುಂಗೀರೇನು?”

“ಇಲ್ರಿ. ರೂಢಿಗೆ ಬಾಯಿ ತಾನ ಹೋಗ್ತೈತ್ರಿ. ರೋಜಾ ಐತಿ ಅನ್ನೂದೂ ನೆನಪಿರಂಗಿಲ್ಲ. ನೆನಪಾದ್ರ ಉಗಳತೇನ್ರಿ.”

“ಹಂಗಾದ್ರ ಯಾಕ ಮುರೀತೈತಿ? ಮರತು ಊಟಾ ಮಾಡಿದ್ರೂ ಮುರಿಯಂಗಿಲ್ಲ. ತಾನಾಗೇ ಗಂಟಲಕ್ಕ ಹೋದ ಧೂಳಕ್ಕೂ ಮುರಿಯಂಗಿಲ್ಲ.”

ನನಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೇ ಎದ್ದು ಬರಬಾರದೇ? ಅಬ್ಬಾ ಅಲ್ಲೇ ಕೂತು ಕೈ ಹಿಸುಕಿಕೊಂಡರು. “ನಿನ್ನಿ ಕೆಂಪು ನೂಲಿತ್ರಿ. ಬಾಯಾಗ ಬಣ್ಣ ಇಳದಿತ್ತು. ಸೀರಿ ಮಾಲಕರು ಎದುರಿಗೇ ನಿಂತಿದ್ರು. ಅವರ ಮುಂದ ಹೆಂಗ ಉಗಳೂದು ಅಂತ ನುಂಗಿಬಿಟ್ಟೆ. ರೋಜಾ ನೆನಪಿತ್ರಿ.”

ಅವರ ಬಾಯಿಗೆ ಕೈ ಅಡ್ಡ ಹಿಡಿಯಬೇಕೆನಿಸಿತು.

“ನೆನಪಿದ್ದೂ ಬಣ್ಣಾ ನುಂಗಿದ್ರ ಮುರೀತೈತಿ. ಅದೊಂದು ಹೋತು,” ಎಂದರು ಮೌಲಾನಾ. “ಅದೊಂದ ಕಜಾ ಹಿಡೀರಿ. ಚಳಿಗಾಲದಾಗ ಹಿಡದ್ರೂ ನಡೀತೈತಿ, ಹಗಲು ಸಣ್ಣದಿರ್ತೈತಿ. ಇನ್ನ ಮುಂದ ಮೈಗೆ ತ್ರಾಸ ಆದ್ರ ಬಿಡ್ರಿ. ಜಡ್ಡಾದವರಿಗೆ ಬಿಡಾಕ ಸವಲತ್ತು ಐತಿ.”

ಹೊರಗೆ ಬಂದ ಅಬ್ಬಾ ಗೋಡೆಗೆ ಒರಗಿ ನಿಂತು ಉದ್ದಕ್ಕೆ ಉಸಿರು ಬಿಟ್ಟರು. “ಹದಿನಾರು ಉಳದ್ವು ಬೇ,” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲೇ ಇಲ್ಲ.

ಮನೆ ಮುಟ್ಟುವಷ್ಟರಲ್ಲಿ ಉಪವಾಸ ಬಿಡುವ ಹೊತ್ತಾಯಿತು. ಎಲ್ಲರೂ ತಟ್ಟೆಯ ಮುಂದೆ ಕುಳಿತೆವು. ಆಗ ಹೇಳುವ ಪ್ರಾರ್ಥನೆಯ ಅರ್ಥವನ್ನು ಅಮ್ಮಿಗೆ ವಿವರಿಸಲು ನಾನು ಬಾಯಿ ತೆರೆದೆ. ಅಬ್ಬಾ ಒಂದು ಖರ್ಜೂರ ತೆಗೆದು ನನ್ನ ಬಾಯಿಗೆ ತುರುಕಿ, “ಇನ್ನರೆ ಬಾಯಿ ಮುಚ್ಚಿಕೊಂಡು ತಿನ್ನು ಬೇ,” ಎಂದರು.