ಹರಕೆಯ ಊಟ ಉಂಡವರಿಗೆ ಕಾರು ಮಾರಿದ್ದು

ಮಾವನ ಕಾರಿಗೆ ಪೆಟ್ಟಾದದ್ದು ಒಂದೇ ಸಲ, ಜಡಿಮಳೆಯ ಆಟಿ ತಿಂಗಳ ಒಂದು ಭಾನುವಾರ, ಬಜಗೋಳಿ ದಾಟಿದ ಮೇಲಿನ ತಿರುವಿನಲ್ಲಿ. ಆದರೆ ಅದರ ಬೆಲೆ ಇಳಿದದ್ದು ಎರಡು ಸಲ. ಒಮ್ಮೆ ಮೋರಿಗೆ ಬಡಿದು, ಇನ್ನೊಮ್ಮೆ ನಾವು ಹಾಕಿದ ಊಟದಿಂದ. ಎರಡೂ ದಿನ ನಾನು ಡೈರಿ ಬರೆದಿದ್ದೇನೆ. ಹಾಗಾಗಿ ನೆನಪಿನ ಮೇಲೆ ಹೆಚ್ಚು ಭಾರ ಹಾಕದೆ ಹೇಳಬಹುದು. ಮನೆಯಲ್ಲಿ ನಾವು ಮಾತಾಡುವುದು ತುಳು. ಡೈರಿಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ ಬರೆಯುವುದು ಶಾಲೆಯಿಂದ ಬಂದ ಅಭ್ಯಾಸ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಗಲ್ಫಿನಲ್ಲಿ ದೊಡ್ಡ ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುವ ಕೆಲಸದಲ್ಲಿದ್ದು, ಸಾಕು ಎನಿಸಿದಾಗ ಊರಿಗೆ ಬಂದು ಕಾಪುವಿನ ಮನೆಯಲ್ಲಿ ನೆಲೆ ನಿಂತವರು. ಬಂದ ವರ್ಷವೇ ಮುಂಬೈಯಿಂದ ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಕೆಂಪು ಬಣ್ಣ, ಎರಡೇ ಸೀಟು. ಮಕ್ಕಳಿಲ್ಲದ ಇಬ್ಬರಿಗೆ ಎರಡು ಸೀಟು ಧಾರಾಳ ಎಂಬುದು ಅವರ ಲೆಕ್ಕ. ಕಾರು ನೆಲದಿಂದ ಒಂದು ಗೇಣು ಎತ್ತರವೂ ಇರಲಿಲ್ಲ. ಮನೆಯಿಂದ ಹೆದ್ದಾರಿಗೆ ಬರುವಷ್ಟರಲ್ಲಿ ರಸ್ತೆಗೆ ಅಡ್ಡ ನಾಲ್ಕು ಹಂಪುಗಳು. ಕಾರಿನ ಹೊಟ್ಟೆ ತಾಗದ ಹಾಗೆ ಪ್ರತಿ ಹಂಪಿನಲ್ಲೂ ಅತ್ತೆ ಇಳಿದು ನಡೆಯುತ್ತಿದ್ದರು, ದಾಟಿದ ಮೇಲೆ ಪುನಃ ಹತ್ತುತ್ತಿದ್ದರು. ಮೂರನೆಯ ಮತ್ತು ನಾಲ್ಕನೆಯ ಹಂಪಿನ ನಡುವೆ ಹತ್ತುವುದನ್ನು ಅವರು ಬೇಗನೇ ಬಿಟ್ಟರು.

ಹೆದ್ದಾರಿಯಲ್ಲಿ ನೇರ ಓಡಿಸಿದರೆ ಇಂಥ ಕಾರಿಗೆ ಅವಮಾನ ಎಂದು ಮಾವ ನಂಬಿದ್ದರು. ತಿರುವುಗಳಿಗಾಗಿ ಕಾರ್ಕಳ ದಾಟಿ ಕುದುರೆಮುಖದ ರಸ್ತೆಗೆ ಹೋಗುತ್ತಿದ್ದರು. ಆಟಿಯಲ್ಲಿ ಬೇಡ ಎಂದು ಅತ್ತೆ ಹೇಳಿದ್ದರು. ಹೇಳಿ, ಜೊತೆಗೆ ಹೋಗಿದ್ದರು. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಮಾವ ಬದಿಗೆ ತೆಗೆದಾಗ ಚಕ್ರ ಕೆಸರಿನಲ್ಲಿ ಜಾರಿ, ಕಾರಿನ ಎಡ ಮುಂಭಾಗ ಮೋರಿಗೆ ಹೊಡೆಯಿತು. ಬಸ್ಸಿಗೆ ಏನೂ ಆಗಲಿಲ್ಲ. ಮಾವನ ಕನ್ನಡಕ ಮೂಗಿನಿಂದ ಜಾರಲೂ ಇಲ್ಲ. ಅತ್ತೆಯ ಎಡ ಭುಜದ ಎಲುಬು ಮುರಿಯಿತು.

ಮಾವ ಅತ್ತೆಯನ್ನು ಹೊರಗೆ ತಂದು ಅದೇ ಮೋರಿಯ ಕಟ್ಟೆಯ ಮೇಲೆ ಕೂರಿಸಿ, ಮಳೆಯಲ್ಲಿ ಕೈಮುಗಿದು, ಇವಳೊಬ್ಬಳು ಉಳಿದರೆ ಒಂದು ಯಕ್ಷಗಾನ ಬಯಲಾಟ ಆಡಿಸುತ್ತೇನೆ ಎಂದು ಹರಕೆ ಹೇಳಿಕೊಂಡರಂತೆ. ಪೂರ್ಣ ಎಚ್ಚರದಲ್ಲಿದ್ದ ಅತ್ತೆ, “ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ” ಎಂದರಂತೆ. ಅವರು ಹೇಳಿದ ಕ್ರಮದಲ್ಲೇ ಎಲ್ಲ ನಡೆಯಿತು. ಮಣಿಪಾಲದಲ್ಲಿ ಅತ್ತೆಯ ಭುಜಕ್ಕೆ ಪ್ಲೇಟ್ ಹಾಕಿದರು. ಮಂಗಳೂರಿನ ವರ್ಕ್‌ಶಾಪಿನಲ್ಲಿ ಕಾರಿಗೆ ಬಾನೆಟ್, ಬಂಪರ್, ದೀಪ, ಏರ್‌ಬ್ಯಾಗ್ ಎಲ್ಲ ಹೊಸತು ಹಾಕಿದರು. ಕಾರು ಅತ್ತೆಗಿಂತ ಬೇಗ ಗುಣವಾಯಿತು.

ಮಳೆಗಾಲ ಕಳೆದು ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಟ ಮೇಲೆ, ಬೇರೆ ಯಾರೋ ಕಾದಿರಿಸಿ ಬಿಟ್ಟ ದಿನ ಮಾವನಿಗೆ ಸಿಕ್ಕಿತು. ಹರಕೆಯ ಆಟವೆಂದರೆ ನಮ್ಮಲ್ಲಿ ಗುಟ್ಟಿನ ಕೆಲಸವಲ್ಲ. ಊರಿಗೆ ಊರನ್ನೇ ಕರೆದು ಊಟ ಹಾಕಬೇಕು, ಯಾತಕ್ಕಾಗಿ ಹರಕೆ ಎಂದು ಆಮಂತ್ರಣದಲ್ಲಿ ಸೂಚಿಸಬೇಕು. ಬೇರೆಯವರು ‘ಇಷ್ಟಾರ್ಥ ಸಿದ್ಧಿಸಿದ ಪ್ರಯುಕ್ತ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮಾವ ಹನ್ನೊಂದು ಸಾಲು ಬರೆದರು. ಕಾರು ನಜ್ಜುಗುಜ್ಜಾದದ್ದು, ನೋಡಿದವರು ಒಳಗೆ ಜೀವ ಉಳಿದಿರಲಿಕ್ಕಿಲ್ಲ ಎಂದುಕೊಂಡದ್ದು, ತಮಗೆ ಪುನರ್ಜನ್ಮ ಸಿಕ್ಕಿದ್ದು, ಎಲ್ಲ ಅದರಲ್ಲಿತ್ತು. ಕಾಗುಣಿತ ತಿದ್ದಿದ್ದು ನಾನು. ಹೆದ್ದಾರಿಯ ಬದಿಗೆ ಫ್ಲೆಕ್ಸ್ ಕಟ್ಟಿದರು, ಅದರಲ್ಲಿ ಪೆಟ್ಟಾದ ಕಾರಿನ ಫೋಟೋ. ಫ್ಲೆಕ್ಸಿನವನು ಜಾಗ ತುಂಬಿಸಲು ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದ. ಒಂದು ಮೂಲೆ ಜಜ್ಜಿದ್ದ ಕಾರು ಇಡೀ ಜಜ್ಜಿದ ಹಾಗೆ ಕಾಣುತ್ತಿತ್ತು. ಮಾವ ಅದನ್ನು ನಿಂತು ನೋಡಿ, ಚೆನ್ನಾಗಿ ಬಂದಿದೆ ಎಂದರು.

ಆಟದ ದಿನ ರಿಪೇರಿಯಾದ ಕಾರಿಗೆ ಮಾಲೆ ಹಾಕಿ ಊಟದ ಚಪ್ಪರದ ಬದಿಗೆ ನಿಲ್ಲಿಸಿದ್ದರು. ಕಾಪು, ಉಡುಪಿ, ಕಾರ್ಕಳದ ಕಡೆಯಿಂದ ಜನ ಬಂದು ಉಂಡು, ಕೈತೊಳೆದು, ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಎಲೆಗಳ ಲೆಕ್ಕ ನನ್ನದಾಗಿತ್ತು. ಸಾವಿರ ದಾಟಿದ ಮೇಲೆ ಮಾವ ಖುಷಿಯಿಂದ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಕಾರು ಮಾರುವ ಮಾತು ಬಂದದ್ದು ಇದಾಗಿ ಒಂದು ತಿಂಗಳಿಗೆ, ಅತ್ತೆಯ ಕೈಯ ಕಾರಣದಿಂದ. ಎಲುಬು ಕೂಡಿತ್ತು, ಕೈ ಮೇಲೆ ಹೋಗುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಬಂದು ವ್ಯಾಯಾಮ ಮಾಡಬೇಕು, ಮೊದಲ ವರ್ಷದಲ್ಲಿ ಎಷ್ಟು ಮೇಲೆ ಬರುತ್ತದೋ ಅಷ್ಟೇ, ಆಮೇಲೆ ಕೀಲು ಹಟ ಹಿಡಿಯುತ್ತದೆ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ಅಲ್ಲಿ ಗೋಡೆಗೆ ಮರದ ಒಂದು ಪುಟ್ಟ ಏಣಿ ಇದೆ. ಅದರ ಮೆಟ್ಟಿಲುಗಳನ್ನು ಬೆರಳುಗಳು ಒಂದೊಂದಾಗಿ ಹತ್ತಬೇಕು. ನಾನು ಮಣಿಪಾಲದಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವುದರಿಂದ ಊಟದ ಬಿಡುವಿನಲ್ಲಿ ಹೋಗಿ ಕೂರುತ್ತಿದ್ದೆ, ಬೆರಳು ಎಷ್ಟನೆಯ ಮೆಟ್ಟಿಲಿಗೆ ಬಂತು ಎಂದು ಬರೆದುಕೊಳ್ಳುತ್ತಿದ್ದೆ.

ಅಂಗಳದಲ್ಲಿದ್ದ ಕಾರಿನಲ್ಲಿ ಅತ್ತೆ ಕೂರುವಂತಿರಲಿಲ್ಲ. ಅಷ್ಟು ತಗ್ಗಿನ ಸೀಟಿಗೆ ಇಳಿಯಬೇಕಾದರೆ ಎಡಗೈ ಊರಬೇಕು, ಏಳಬೇಕಾದರೆ ಅದೇ ಕೈಯಿಂದ ಮೈಯನ್ನು ಎತ್ತಬೇಕು. ರಿಕ್ಷಾದ ಕುಲುಕಾಟಕ್ಕೆ ಭುಜ ನೋಯುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಗೆ ಕಂಬಿ ಎಟಕದು. ಬಾಡಿಗೆ ಕಾರು ಕರೆಯೋಣವೆಂದರೆ ಮಾವ, ಮನೆಯಲ್ಲಿ ಅಂಥ ಕಾರು ಇಟ್ಟುಕೊಂಡು ಬಾಡಿಗೆ ಕಾರು ಬಂದು ನಿಂತರೆ ಜನ ಎಂತ ಹೇಳಿಯಾರು ಎಂದರು. ಹೀಗೆ ಅತ್ತೆ ಒಂದು ವಾರ ಬಂದರೆ ಮರುವಾರ ಬರುತ್ತಿರಲಿಲ್ಲ. ಬೆಳಿಗ್ಗೆ ಅವರ ತಲೆ ಬಾಚಿ ಜಡೆ ಹಾಕುವುದು ಮಾವನ ಕೆಲಸವಾಯಿತು. ಲಿಫ್ಟಿನ ಕೇಬಲ್ ಹೊಸೆದ ಹಾಗೆ ಬಹಳ ಬಿಗಿಯಾಗಿ ಹಾಕುತ್ತಿದ್ದರು.

ಕೊನೆಗೆ, ಈ ಕಾರು ಮಾರಿ ಎತ್ತರದ ಸೀಟಿನ ಒಂದು ಹಳೆಯ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು. ಎರಡನ್ನೂ ಇಟ್ಟುಕೊಳ್ಳುವ ಅನುಕೂಲ ಇರಲಿಲ್ಲ. ಬೆಲೆ ಮಾವ ಕಟ್ಟಿದರು: ಕೊಟ್ಟದ್ದರಲ್ಲಿ ವಯಸ್ಸಿಗೆ ಇಷ್ಟು ಕಳೆಯುವುದು, ಮೋರಿಗೆ ಏನೂ ಕಳೆಯುವುದಿಲ್ಲ. ಎಲ್ಲ ಕಂಪೆನಿಯ ಬಿಡಿಭಾಗ ಹಾಕಿದ ಮೇಲೆ ಕಳೆಯುವುದು ಯಾಕೆ? ಜಾಹೀರಾತು ಬರೆದವಳು ನಾನು. ಪೆಟ್ಟಾಗಿಲ್ಲ ಎಂದು ಬರೆಯುವುದು ಬೇಡ, ಆಗಿದೆ ಎಂದೂ ಬೇಡ, ಕೇಳಿದರೆ ಹೇಳುವ ಎಂದು ಮಾವ ಹೇಳಿದರು.

ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೊದಲು ಬಂದ ಉಡುಪಿಯ ಬಟ್ಟೆ ವ್ಯಾಪಾರಿ ಕಾರಿನ ಸುತ್ತ ಒಂದು ಸುತ್ತು ಬಂದು, ಪಾಯಸ ಬಹಳ ಒಳ್ಳೆಯದಿತ್ತು ಎಂದರು. ಎರಡನೆಯವರು ಕಾರ್ಕಳದವರು, ತಾಯಿಯೊಂದಿಗೆ ಬಂದಿದ್ದರು. ಆ ತಾಯಿ ಕಾರನ್ನು ಬಿಟ್ಟು ಸೀದಾ ಅತ್ತೆಯ ಹತ್ತಿರ ಹೋಗಿ ಭುಜ ವಿಚಾರಿಸಿದರು. ನನ್ನ ಲೆಕ್ಕದ ಪ್ರಕಾರ ಕಾರು ನೋಡಲು ಬಂದವರು ಒಟ್ಟು ಹನ್ನೊಂದು ಜನ. ಅದರಲ್ಲಿ ಎಂಟು ಜನ ಹರಕೆಯ ಊಟ ಉಂಡವರು. ಇಬ್ಬರಿಗೆ ಆಮಂತ್ರಣ ತಲುಪಿತ್ತು, ಅನಾನುಕೂಲದಿಂದ ಬಂದಿರಲಿಲ್ಲ.

ಉಳಿದ ಒಬ್ಬ ಮಣಿಪಾಲದಲ್ಲಿ ಓದುವ, ಹೊರರಾಜ್ಯದ ವಿದ್ಯಾರ್ಥಿ. ಯಕ್ಷಗಾನ ಎಂದರೇನೆಂದೇ ಅವನಿಗೆ ಗೊತ್ತಿರಲಿಲ್ಲ. ಮಾವನಿಗೆ ಅವನ ಮೇಲೆ ಬಹಳ ಭರವಸೆ ಬಂತು. ಆದರೆ ಅವನು ಹಳೆ ಕಾರು ಪರೀಕ್ಷಿಸುವ ಒಬ್ಬ ಸ್ಥಳೀಯನನ್ನು ಕರೆದುಕೊಂಡು ಬಂದಿದ್ದ. ಆತನ ಕೈಯಲ್ಲಿ ಪೇಂಟಿನ ದಪ್ಪ ಅಳೆಯುವ ಸಣ್ಣ ಯಂತ್ರ. ಬಾಗಿಲಿಗೆ ಇಟ್ಟಾಗ ಒಂದು ಸಂಖ್ಯೆ, ಎಡ ಮಡ್‌ಗಾರ್ಡಿಗೆ ಇಟ್ಟಾಗ ಅದರ ಮೂರು ಪಟ್ಟು, ಎಂದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ. ಆಮೇಲೆ ಬಾನೆಟ್ ಎತ್ತಿ ಟಾರ್ಚ್ ಹಾಕಿ ಒಳಗೆ ನೋಡಿದ. ಬಾನೆಟ್, ಬಂಪರ್ ಬೋಲ್ಟ್ ಬಿಚ್ಚಿ ಬದಲಿಸುವಂಥವು, ಅವಕ್ಕೆ ಬೆಲೆ ಹೆಚ್ಚು ಇಳಿಯುವುದಿಲ್ಲ. ಆದರೆ ಒಳಗೆ ಏಪ್ರನ್ ಎನ್ನುವ ತಗಡನ್ನು ಕತ್ತರಿಸಿ ಹೊಸತನ್ನು ವೆಲ್ಡ್ ಮಾಡಿದ್ದಾರೆ, ಅದು ಕಾರಿನ ಎಲುಬಿಗೆ ಸೇರಿದ್ದು, ಅದಕ್ಕೆ ಇಳಿಯುತ್ತದೆ ಎಂದು ವಿವರಿಸಿದ. ವಿಮೆಯ ದಾಖಲೆಯಲ್ಲೂ ಕ್ಲೇಮ್ ಉಳಿದಿರುತ್ತದೆ. ಅಲ್ಲದೆ ಸಾಮಾನ್ಯ ಕಾರಿಗೆ ಪೆಟ್ಟಾಗಿದ್ದರೂ ಆಫೀಸಿಗೆ ಹೋಗಬೇಕಾದವನು ಕೊಳ್ಳುತ್ತಾನೆ. ಇಂಥ ಕಾರು ಯಾರಿಗೂ ಬೇಕೇಬೇಕು ಎಂದಿಲ್ಲ, ಆಸೆಗೆ ಕೊಳ್ಳುವವನು ಸಣ್ಣ ಕುಂದಿಗೂ ಹಿಂದೆ ಸರಿಯುತ್ತಾನೆ.

ಮಾವ ಒಪ್ಪಲಿಲ್ಲ. ವೆಲ್ಡ್ ಮಾಡಿದ ಜಾಗ ಮೊದಲಿಗಿಂತ ಗಟ್ಟಿ ಎಂದರು. ಉದಾಹರಣೆಗೆ ಅತ್ತೆಯನ್ನು ತೋರಿಸಿದರು.

“ಇವಳ ಭುಜಕ್ಕೂ ಪ್ಲೇಟ್ ಹಾಕಿದ್ದು. ಮೊದಲಿಗಿಂತ ಗಟ್ಟಿ ಉಂಟು ಅಂತ ಡಾಕ್ಟರೇ ಹೇಳಿದ್ದಾರೆ.”

“ಇರಬಹುದು ಸಾರ್. ಆದರೆ ಅವರನ್ನು ನೀವು ಮಾರುವುದಿಲ್ಲ ಅಲ್ವಾ?” ಎಂದ ಪರೀಕ್ಷಿಸಲು ಬಂದವನು.

ವಿದ್ಯಾರ್ಥಿ ಮಾವನ ಬೆಲೆಯ ಮುಕ್ಕಾಲು ಪಾಲು ಕೊಡುತ್ತೇನೆಂದ. ಮಾವ ಅವರಿಬ್ಬರಿಗೂ ಎಳನೀರು ಕೊಟ್ಟು ಕಳಿಸಿದರು.

ಅದಾದ ಮೇಲೆ ಎರಡು ತಿಂಗಳು ಕಾರು ಅಂಗಳದಲ್ಲೇ ಇತ್ತು. ಆ ಎರಡು ತಿಂಗಳಲ್ಲಿ ಅತ್ತೆ ಮಣಿಪಾಲಕ್ಕೆ ಬಂದದ್ದು ಐದು ಸಲ. ಏಣಿಯಲ್ಲಿ ಹದಿನಾಲ್ಕನೆಯ ಮೆಟ್ಟಿಲು ಮುಟ್ಟಿದ್ದ ಬೆರಳುಗಳು ಹನ್ನೊಂದಕ್ಕೆ ಇಳಿದವು. ನಾನು ಇದನ್ನು ಮಾವನಿಗೆ ಹೇಳಿದೆ. ಅವರು, ಮಳೆಗಾಲಕ್ಕೆ ಮುಂಚೆ ಒಳ್ಳೆಯ ಗಿರಾಕಿ ಬರುತ್ತಾನೆ ನೋಡು ಮಾರಾಯ್ತಿ ಎಂದರು.

ಹನ್ನೊಂದನೆಯವರು ಎರ್ಮಾಳಿನವರು, ಮನೆತನದಿಂದ ಬೋಟಿನ ವ್ಯವಹಾರ. ಮಾವನಿಗಿಂತ ಚಿಕ್ಕವರು. ಊಟಕ್ಕೂ ಬಂದಿದ್ದರು, ಫ್ಲೆಕ್ಸನ್ನೂ ನೋಡಿದ್ದರು. ಜಗಲಿಯಲ್ಲಿ ಕುಳಿತ ಕೂಡಲೇ ಮಾತು ಅಲ್ಲಿಗೇ ಬಂತು.

“ಇಡೀ ಕಾರೇ ಹೋಗಿತ್ತಲ್ವಾ ಅಣ್ಣಾ?”

ಅದು ಫ್ಲೆಕ್ಸಿನಲ್ಲಿ ಹಾಗೆ ಕಂಡದ್ದು ಎಂದರು ಮಾವ.

“ಕಾರ್ಡಿನಲ್ಲಿ ಪುನರ್ಜನ್ಮ ಅಂತ ಇತ್ತು.”

“ಕಾರ್ಡಿಗೆ ಹಾಗೆ ಬರೆಯುವುದು ಮಾರಾಯ. ನಿಜಕ್ಕೆ ಸಣ್ಣ ಪೆಟ್ಟು. ಮೂಲೆ ತಾಗಿದ್ದು ಅಷ್ಟೆ.”

ಮಾವನ ಕಷ್ಟ ನನಗೆ ಅರ್ಥವಾಗುತ್ತಿತ್ತು. ಹರಕೆ ತೀರಿಸುವಾಗ ಪೆಟ್ಟು ದೊಡ್ಡದಾದಷ್ಟೂ ದೇವರು ದೊಡ್ಡವರಾಗಿದ್ದರು. ಮಾರುವಾಗ ಅದೇ ಪೆಟ್ಟನ್ನು ಸಣ್ಣದು ಮಾಡಬೇಕಾಗಿತ್ತು, ಅದೂ ಎರಡು ಸಲ ಪಾಯಸ ಹಾಕಿಸಿಕೊಂಡವರ ಎದುರಿಗೆ.

ಅಷ್ಟರಲ್ಲಿ ಅತ್ತೆ ಚಾ ತಂದರು. ಬಲಗೈಯಲ್ಲಿ ಒಂದು ಲೋಟ. ಅದನ್ನು ಬಂದವರಿಗೆ ಕೊಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಲೋಟ ಹಿಡಿದು ಬಂದು ಮಾವನ ಎದುರಿಗಿಟ್ಟರು. ನಾನು ತರುತ್ತೇನೆ ಎಂದು ಎದ್ದಿದ್ದೆ, ಕಣ್ಣಿನಲ್ಲೇ ಬೇಡವೆಂದಿದ್ದರು.

“ಸಣ್ಣ ಪೆಟ್ಟಾದರೆ, ಎರಡು ಲೋಟ ಚಾಕ್ಕೆ ನಾನು ಎರಡು ಸಲ ಬರುವುದು ಎಂತಕ್ಕೆ?” ಎಂದು ಮಾವನನ್ನು ಕೇಳಿದರು. ದನಿ ಏರಿರಲಿಲ್ಲ. ಸಕ್ಕರೆ ಸಾಕಾ ಎಂದು ಕೇಳುವ ಹಾಗೆಯೇ ಇತ್ತು.

ಮಾವ ಲೋಟ ಮುಟ್ಟಲಿಲ್ಲ. ಎದ್ದು ಒಳಗೆ ಹೋಗಿ ವರ್ಕ್‌ಶಾಪಿನ ಫೈಲು ತಂದರು. ಬಿಚ್ಚಿದಾಗಿನ ಫೋಟೋ, ಬದಲಿಸಿದ ಭಾಗಗಳ ಬಿಲ್ಲು ಎಲ್ಲ ಜಗಲಿಯ ಮೇಲೆ ಹರಡಿದರು. ಅಂಗಳಕ್ಕಿಳಿದು ಬಾನೆಟ್ ಎತ್ತಿ, ವೆಲ್ಡ್ ಮಾಡಿದ ಜಾಗವನ್ನು ತಾವೇ ಬೆರಳಿಟ್ಟು ತೋರಿಸಿದರು. “ದೊಡ್ಡ ಪೆಟ್ಟೇ. ಇಡೀ ಕಾರಿಗಲ್ಲ, ಇಷ್ಟಕ್ಕೆ” ಎಂದರು. ಇವಳು ಕೂತದ್ದು ಈ ಬದಿಗೆ ಎಂದೂ ಸೇರಿಸಿದರು. ಅದನ್ನು ಯಾರೂ ಕೇಳಿರಲಿಲ್ಲ.

ಎರ್ಮಾಳಿನವರು ಹೇಳಿದ ಬೆಲೆ ವಿದ್ಯಾರ್ಥಿ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಮಾವ ಆಯಿತು ಎಂದರು. ಒಪ್ಪಂದವಾದ ಮೇಲೆ ಎರ್ಮಾಳಿನವರು, ಹರಕೆಯ ಆಮಂತ್ರಣ ಒಂದು ಉಳಿದಿದ್ದರೆ ಬೇಕಿತ್ತು, ಕಾರಿನಲ್ಲಿಟ್ಟುಕೊಳ್ಳುತ್ತೇನೆ, ಹರಕೆ ತೀರಿದ ಕಾರು ಒಳ್ಳೆಯದೇ ಎಂದರು. ಅದಕ್ಕಾಗಿ ಬೆಲೆ ಏರಿಸಲಿಲ್ಲ. ಆಮಂತ್ರಣ ನಮ್ಮಲ್ಲಿ ಎರಡು ಕಟ್ಟು ಉಳಿದಿತ್ತು.

ಕಾರು ಹೋಗುವಾಗ ಮಾವ ಮುಂದೆ ನಡೆದು ನಾಲ್ಕೂ ಹಂಪು ದಾಟಿಸಿ ಬಂದರು.

ಮರುವಾರ ಉಡುಪಿಯ ಹಳೆ ಕಾರಿನ ಅಂಗಡಿಗೆ ಹೋದೆವು. ಆಯ್ಕೆ ಅತ್ತೆಯದು. ಪ್ರತಿ ಕಾರಿನ ಬಾಗಿಲು ತೆರೆಸಿ, ಬೆನ್ನು ಹಾಕಿ ನಿಂತು, ಕೈ ಊರದೆ ಕೂತು ನೋಡಿದರು. ಆರನೆಯದು, ಬೂದು ಬಣ್ಣದ್ದು, ಕುರ್ಚಿಯ ಹಾಗೆ ಸರಿಹೋಯಿತು. ಮಾವ ಅದರ ಹಿಂದಿನ ಬಾಗಿಲಿನ ಪೇಂಟನ್ನು ಬೆರಳಿನಿಂದ ತಟ್ಟಿ, ಇದು ಪೆಟ್ಟಾದ ಬಾಗಿಲು, ಬೋಲ್ಟಿನದ್ದಾದರೂ ಬೆಲೆ ಸ್ವಲ್ಪ ಇಳಿಯಬೇಕು ಎಂದು ಹೇಳಿ ಇಳಿಸಿಕೊಂಡರು.

ಈಗ ವಾರಕ್ಕೆ ಎರಡು ದಿನ, ತಪ್ಪದೆ, ಮಾವ ಅತ್ತೆಯನ್ನು ಮಣಿಪಾಲಕ್ಕೆ ಕರೆತರುತ್ತಾರೆ. ನನ್ನ ಮನೆ ಇರುವ ಅಲೆವೂರು ಅವರ ದಾರಿಗೆ ಹತ್ತಿರವಾದ್ದರಿಂದ ಒಮ್ಮೊಮ್ಮೆ ಹಿಂದಿನ ಸೀಟಿನಲ್ಲಿ ನಾನೂ ಬರುತ್ತೇನೆ. ಏಣಿಯಲ್ಲಿ ಅತ್ತೆ ಹದಿನೇಳಕ್ಕೆ ಬಂದಿದ್ದಾರೆ. ಮೇಲಿನ ಮೆಟ್ಟಿಲುಗಳು ಸಿಗುವುದು ಕಷ್ಟ ಎಂದು ಆ ಹುಡುಗಿ ಹೇಳಿದ್ದಾಳೆ. ಜಡೆ ಈಗಲೂ ಮಾವನದೇ.

ಈ ಕಾರಿನ ಎಡ ಬಾಗಿಲ ಮೇಲೆ, ಸೂರಿನ ಅಂಚಿನಲ್ಲಿ, ಕೈ ಹಿಡಿದುಕೊಳ್ಳಲು ಒಂದು ಹಿಡಿ ಇದೆ. ಕಳೆದ ಶುಕ್ರವಾರ, ಮಣಿಪಾಲದಿಂದ ಇಳಿಯುವ ದಾರಿಯಲ್ಲಿ ಎದುರಿನಿಂದ ಬಸ್ಸೊಂದು ನುಗ್ಗಿ ಬಂದಾಗ ಅತ್ತೆಯ ಎಡಗೈ ತಾನಾಗಿ ಎದ್ದು ಆ ಹಿಡಿಯನ್ನು ಹಿಡಿದುಕೊಂಡಿತು. ಬಸ್ಸು ಹೋಯಿತು. ಕೈ ಅಲ್ಲೇ ಇತ್ತು. ಮಾವ ಅದನ್ನು ನೋಡಿದರು, ರಸ್ತೆ ನೋಡಿದರು.

“ಎಂತ, ನನ್ನ ಡ್ರೈವಿಂಗ್ ಹೆದರಿಕೆಯಾ?”

“ಹೌದು” ಎಂದರು ಅತ್ತೆ. ಉಡುಪಿ ಬರುವವರೆಗೂ ಕೈ ಇಳಿಸಲಿಲ್ಲ.