ಮೊದಲ ಲೋಟದ ನೀರು

ಅವಳನ್ನು ಇಡೀ ಬಡಾವಣೆಯೇ ಬಾಟ್ಲಿ ಅಕ್ಕ ಎಂದು ಕರೆಯುತ್ತಿತ್ತು. ಹೊಸಬರು ಈ ಹೆಸರು ಕೇಳಿ ಮುಸಿಮುಸಿ ನಕ್ಕರೆ, "ನಗ್ರಪ್ಪಾ ನಗ್ರಿ, ನನ್ನ ಬಾಟ್ಲೀಲಿ ಇರೋದು ಬರೀ ನೀರು. ಎಷ್ಟು ಕುಡಿದ್ರೂ ತಲೆಗೇರಲ್ಲ," ಎಂದು ಅವಳೇ ಮೊದಲು ಹೇಳಿಬಿಡುತ್ತಿದ್ದಳು. ನಗರದ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ. ಮನೆಮನೆಗೆ ಹೋಗಿ ನಲ್ಲಿಯ ನೀರನ್ನು ಬಾಟಲಿಗೆ ಹಿಡಿಯುವುದು, ಚೀಟಿ ಅಂಟಿಸುವುದು, ಲ್ಯಾಬಿಗೆ ಮುಟ್ಟಿಸುವುದು.

ಆ ಕೆಲಸದಲ್ಲಿ ಅವಳಿಗೆ ಬುದ್ಧಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಲ್ಲಿಯ ಬಾಯನ್ನು ಬೆಂಕಿ ತೋರಿಸಿ ಬಿಸಿ ಮಾಡಬೇಕು, ಐದು ನಿಮಿಷ ಗಡಿಯಾರ ನೋಡಿಕೊಂಡು ನೀರು ಹರಿಯಬಿಡಬೇಕು, ಮುಚ್ಚಳವನ್ನು ಎಲ್ಲೂ ಇಡದೆ ಬೆರಳ ನಡುವೆ ಹಿಡಿದುಕೊಂಡೇ ಬಾಟಲಿ ತುಂಬಬೇಕು. ಒಂದು ನಿಮಿಷ ಕಡಿಮೆಯಾದರೂ ಅವಳು ಆ ನೀರನ್ನು ಚೆಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. "ಅಯ್ಯೋ, ಅಷ್ಟೊಂದು ನೀರು ಸುಮ್ನೆ ಹೋಯ್ತಲ್ಲಕ್ಕಾ," ಎಂದು ಮನೆಯವರು ಹಲುಬಿದರೆ, "ಪೈಪಲ್ಲಿ ನಿಂತಿರೋ ನೀರು ಕಟ್ಕೊಂಡು ನಾನೇನು ಮಾಡ್ಲಿ? ರಸ್ತೆಯ ದೊಡ್ಡ ಪೈಪಿಂದ ಬರೋದು ನಂಗೆ ಬೇಕು," ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು.

ಕೆಲಸದ ಮಾತು ಹಾಗಾದರೆ ಮನೆಯ ಮಾತೇ ಬೇರೆ. ಅವಳು ಬೆಳೆದದ್ದು ಮೂವತ್ತು ಮನೆಗೆ ಒಂದೇ ನಲ್ಲಿ ಇದ್ದ ಓಣಿಯಲ್ಲಿ. ಹಾಗಾಗಿ ಸ್ವಂತ ಮನೆಯಲ್ಲಿ ಒಂದು ತೊಟ್ಟು ನೀರು ಹಾಳಾದರೂ ಅವಳ ಜೀವ ಹೋದಂತಾಗುತ್ತಿತ್ತು. ಗಂಡ ಬೇಗ ತೀರಿಕೊಂಡ. ಇದ್ದ ಒಬ್ಬಳೇ ಮಗಳನ್ನು ಅವಳು ಬೆಳೆಸಿದ್ದೇ "ನಲ್ಲಿ ತಿರುಗಿಸೋಕೆ ಮುಂಚೆ ಕೆಳಗೆ ಪಾತ್ರೆ ಇರ್ಬೇಕು ಕಣೇ" ಎಂದು ಹೇಳಿ ಹೇಳಿ. ಮಗಳೂ ಹಾಗೇ ಬೆಳೆದಳು. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಬೆಳಿಗ್ಗೆ ಎದ್ದು ಮೊದಲು ಕೆಟಲ್ ಇಟ್ಟು ಆಮೇಲೆ ನಲ್ಲಿ ತಿರುಗಿಸುತ್ತಿದ್ದಳು. ರಾತ್ರಿಯಿಡೀ ಪೈಪಿನಲ್ಲಿ ನಿಂತಿದ್ದ ಆ ಮೊದಲ ನೀರಿನಲ್ಲೇ ಪುಟ್ಟನ ಹಾಲಿನ ಪುಡಿ ಕಲಸುತ್ತಿದ್ದಳು.

ಪುಟ್ಟ ಎಂದರೆ ಮೊಮ್ಮಗ. ಎರಡು ವರ್ಷಕ್ಕೇ ಅವನ ಬಾಯಿ ಅಜ್ಜಿಯ ಬಾಯಿಗೆ ಸಮ. "ಅಜ್ಜಿ ಬಂತು, ಬಾಟ್ಲಿ ಬಂತು," ಎಂದು ಬಾಗಿಲಲ್ಲೇ ಕುಣಿಯುತ್ತಿದ್ದ. ಅವನು ಅಷ್ಟು ಹೇಳಿದರೆ ಸಾಕು, ಬಿಸಿಲಲ್ಲಿ ನಲವತ್ತು ಮನೆ ಸುತ್ತಿದ ದಣಿವೆಲ್ಲ ಇಳಿದು ಹೋಗುತ್ತಿತ್ತು.

ಮಗಳ ಮನೆ ಹಳೆಯದು. ಎರಡನೇ ಮಹಡಿಯ ಎರಡು ಕೋಣೆ, ಬಸ್ಸು ಓಡಿಸುವ ಅಳಿಯನಿಗೆ ಡಿಪೋ ಹತ್ತಿರವೆಂದು ಬಾಡಿಗೆಗೆ ಹಿಡಿದದ್ದು. ಒಂದು ಭಾನುವಾರ ಮಗಳು ಅಡುಗೆಮನೆಯ ಸಿಂಕಿನ ಕೆಳಗೆ ಬಗ್ಗಿ ಕರೆದಳು.

"ಅಮ್ಮಾ, ಈ ಪೈಪ್ ನೋಡಿಲ್ಲಿ. ಬೂದು ಬಣ್ಣ. ಉಗುರಲ್ಲಿ ಗೀರಿದ್ರೆ ಬೆಳ್ಳಿ ಥರ ಹೊಳೆಯುತ್ತೆ. ಸೀಸದ ಪೈಪ್ ಇರ್ಬಹುದು ಅಂತಾರೆ ಕೆಳಗಡೆ ಮನೆಯವರು. ಪುಟ್ಟನಿಗಾದ್ರೂ ಕ್ಯಾನ್ ನೀರು ತರಿಸ್ಲಾ?"

ಅಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ತನ್ನ ಮಗಳೇ ಕ್ಯಾನ್ ನೀರಿನ ಮಾತಾಡುವುದೆಂದರೇನು! "ಪೈಪಿನ ಬಣ್ಣ ನೋಡಿ ನೀರು ಅಳೀತಾರೇನೇ? ನಾಳೆ ನಾನೇ ಹಿಡಿದುಕೊಂಡು ಹೋಗ್ತೀನಿ. ಲ್ಯಾಬಿನವರು ಹೇಳ್ಲಿ, ಆಮೇಲೆ ಮಾತಾಡು."

ಮರುದಿನ ಬಂದಳು. ಊರಿಗೆಲ್ಲ ಮಾಡಿದ್ದಕ್ಕಿಂತ ಒಂದು ಕೈ ಹೆಚ್ಚು ಶ್ರದ್ಧೆಯಿಂದ ಮಾಡಿದಳು. ಮೊಮ್ಮಗನ ನೀರಲ್ಲವೇ? ಐದು ನಿಮಿಷಕ್ಕೆ ಬದಲು ಎಂಟು ನಿಮಿಷ ನೀರು ಬಿಟ್ಟು ಎರಡು ಬಾಟಲಿ ತುಂಬಿದಳು, ಒಂದು ಕ್ರಿಮಿಗೆ, ಒಂದು ಸೀಸಕ್ಕೆ. ವಾರದೊಳಗೆ ಕಾಗದ ಬಂತು: ಕುಡಿಯಲು ಯೋಗ್ಯ. ಅದನ್ನು ಅವಳೇ ಮಗಳ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಈಗಲಾದ್ರೂ ನಿದ್ದೆ ಬರುತ್ತಾ?" ಎಂದು ರೇಗಿಸಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆದರೆ ಆ ಮನೆಯಲ್ಲಿ ಹಿತ್ತಲ ಗಿಡಕ್ಕಿಂತ ದೊಡ್ಡ ಮದ್ದು ಬೇರೆ ಇರಲಿಲ್ಲ. ಮಗಳು ಕ್ಯಾನಿನ ಮಾತನ್ನು ಮತ್ತೆ ಎತ್ತಲಿಲ್ಲ.

ಪುಟ್ಟನಿಗೆ ಎರಡೂವರೆ ಆಗುವಷ್ಟರಲ್ಲಿ ಹೊಟ್ಟೆನೋವು ಶುರುವಾಯಿತು. ಊಟ ಸೇರದು, ಸುಮ್ಮಸುಮ್ಮನೆ ರಚ್ಚೆ. ಮಕ್ಕಳೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡರು. ಆಮೇಲೆ ಮಾತು ಕಡಿಮೆಯಾಯಿತು. ಮೊದಲು ಬಸ್ಸು ಎನ್ನುವ ಮಾತು ಹೋಯಿತು, ಆಮೇಲೆ ಚೆಂಡು, ಚಪ್ಪಲಿ, ಬೆಕ್ಕು, ಕಲಿತ ಒಂದೊಂದೇ ಮಾತು ಬಾಯಿಂದ ಜಾರಿ ಹೋಯಿತು. ಒಂದು ದಿನ ಅಜ್ಜಿ ಬಾಗಿಲಿಗೆ ಬಂದು ನಿಂತರೂ ಅವನು ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದ.

ಮಕ್ಕಳ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಗುವಿನ ರಕ್ತದಲ್ಲಿ ಸೀಸ ಸೇರಿದೆ, ಅದೂ ಕಡಿಮೆಯಲ್ಲ ಎಂದರು. "ಹಳೇ ಬಣ್ಣ, ಆಟದ ಸಾಮಾನು, ನೀರು, ಮೂರರಲ್ಲಿ ಒಂದಿರ್ಬೇಕು. ನೀರು ಹೇಗಿದೆ?"

"ನೀರಲ್ಲಿ ಏನೂ ಇಲ್ಲ ಡಾಕ್ಟರೇ," ಎಂದಳು ಮಗಳು, ಒಂದು ಕ್ಷಣವೂ ಯೋಚಿಸದೆ. "ನಮ್ಮಮ್ಮನೇ ನೋಡಿದ್ದಾರೆ. ಅವರದ್ದು ಅದೇ ಕೆಲಸ."

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಹೌದೆಂದು ತಲೆಯಾಡಿಸಿದಳು. ಅಯ್ಯೋ ದೇವರೇ, ಆ ತಲೆ ಅವತ್ತು ಆಡದೇ ಇದ್ದಿದ್ದರೆ!

ಅಳಿಯ ರಜೆ ಹಾಕಿ ಕಿಟಕಿ ಬಾಗಿಲುಗಳ ಹಳೇ ಬಣ್ಣ ತೆಗೆಸಿದ. ಅಷ್ಟೂ ದಿನ ತಾಯಿ ಮಗು ಅಜ್ಜಿಯ ಮನೆಯಲ್ಲಿದ್ದರು, ಪುಟ್ಟ ಸ್ವಲ್ಪ ಗೆಲುವಾದ. "ನೋಡಿದ್ಯಾ, ಬಣ್ಣದ್ದೇ ಕಾಟ," ಎಂದಳು ಅಜ್ಜಿ. ಆಟದ ಸಾಮಾನು ಒಂದೂ ಬಿಡದೆ ಚೀಲಕ್ಕೆ ತುಂಬಿ ಎಸೆದರು. ಆಮೇಲೆ ಮಗುವನ್ನು ವಾಪಸು ಕರೆದುಕೊಂಡು ಹೋದರು. ಎರಡು ತಿಂಗಳು ಕಳೆದು ಮತ್ತೆ ರಕ್ತ ನೋಡಿದರೆ ಸೀಸ ಏರಿತ್ತು.

ಆಗ ಬಾಟ್ಲಿ ಅಕ್ಕ ಫ್ರಿಜ್ಜಿನ ಮೇಲಿದ್ದ ಆ ಕಾಗದವನ್ನು ಲ್ಯಾಬಿಗೆ ಒಯ್ದು ಅಲ್ಲಿನ ಹೊಸ ಹುಡುಗಿಯ ಮುಂದೆ ಹಿಡಿದಳು. ಆ ಹುಡುಗಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿರಲಿಲ್ಲ.

"ಸೀಸಕ್ಕೆ ನೀರು ಹೇಗೆ ಹಿಡಿದ್ರಿ ಅಕ್ಕಾ?"

"ಹೇಗೆ ಅಂದ್ರೆ? ಎಂಟು ನಿಮಿಷ ಬಿಟ್ಟು ಹಿಡಿದೆ. ಐದಲ್ಲ, ಎಂಟು."

ಹುಡುಗಿ ಕಾಗದ ಮಡಚಿ ವಾಪಸು ಕೊಟ್ಟಳು. ಆಮೇಲೆ ಮೆಲ್ಲಗೆ, "ಕ್ರಿಮಿ ನೋಡೋಕೆ ಅದು ಸರಿ ಅಕ್ಕಾ. ಸೀಸ ಇರೋದು ಮನೆಯೊಳಗಿನ ಪೈಪಲ್ಲಿ. ರಾತ್ರಿಯೆಲ್ಲಾ ಪೈಪಲ್ಲಿ ನಿಂತ ನೀರಿಗೆ ಅದು ಇಳಿಯುತ್ತೆ. ಎಂಟು ನಿಮಿಷ ಬಿಟ್ರೆ ಅದೆಲ್ಲಾ ಮೋರಿಗೆ ಹೋಗುತ್ತೆ, ಬಾಟ್ಲಿಗೆ ಒಳ್ಳೇ ನೀರೇ ಬರುತ್ತೆ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟೋಕೆ ಮುಂಚೆ ಮೊದಲ ಲೋಟ ಹಿಡಿದು ತನ್ನಿ," ಎಂದಳು.

ಬಾಟ್ಲಿ ಅಕ್ಕನಿಗೆ ಸಿಟ್ಟು ಬಂತು. ಇಪ್ಪತ್ತಾರು ವರ್ಷದ ಕೆಲಸಕ್ಕೆ ನಿನ್ನೆ ಬಂದವಳು ಪಾಠ ಹೇಳುವುದೇ? ಆದರೆ ಸಿಟ್ಟಿನ ಅಡಿಯಲ್ಲಿ ಹೆದರಿಕೆ ಆಗಲೇ ಬಂದು ಕೂತಿತ್ತು. ಮರುದಿನ ಮಗಳು ಏಳುವ ಮುಂಚೆ ಹೋಗಿ, ಅಳಿಯನಿಂದ ಬಾಗಿಲು ತೆಗೆಸಿಕೊಂಡು ಮೊದಲ ಲೋಟದ ನೀರನ್ನು ಹಿಡಿದಳು. ನೋಡಲು ಕನ್ನಡಿಯಂತಿತ್ತು. ಒಂದು ಚೂರು ಬಣ್ಣವಿಲ್ಲ, ವಾಸನೆಯಿಲ್ಲ.

ಮೂರನೇ ದಿನ ಹುಡುಗಿ ಕಾಗದ ಕೊಟ್ಟಳು. ಬಾಟ್ಲಿ ಅಕ್ಕ ಸೀಸದ ಸಂಖ್ಯೆ ಓದಿದಳು, ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಕಣ್ಣು ಸರಿಯಿಲ್ಲವೇನೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು. ಆಮೇಲೆ ಖಾಲಿ ಬಾಟಲಿಗಳ ಪೆಟ್ಟಿಗೆಯ ಮೇಲೆ ಕೂತು, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ತನಗೆ ತಾನೇ ಹೇಳಿಕೊಂಡಳು. ಊರಿಗಾದರೂ ಉಪಕಾರ ಆಗಿತ್ತೇ? ಆ ಬೀದಿಯ ಎಷ್ಟು ಮನೆಗಳಲ್ಲಿ ಅದೇ ಬೂದು ಪೈಪಿನ ನೀರಿಗೆ ಯೋಗ್ಯವೆಂಬ ಕಾಗದವನ್ನು ತಾನೇ ಕೊಡಿಸಿದ್ದಳೋ!

ಹೇಳದೇ ಇರಬಹುದಿತ್ತು. ಪೈಪ್ ಈಗ ಕೆಟ್ಟಿದೆ, ಆಗ ಚೆನ್ನಾಗಿತ್ತು ಎಂದರೆ ಮಗಳು ನಂಬುತ್ತಿದ್ದಳು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಸುಳ್ಳನ್ನೇ ಬಾಯಲ್ಲಿ ತಿರುಗಿಸುತ್ತಾ ಬಂದಳು. ಬಾಗಿಲು ತೆರೆದ ಮಗಳ ಮುಖ ನೋಡಿದ ಕೂಡಲೇ ಬಾಯಿಂದ ಬಂದದ್ದು ನಿಜ.

ಎಲ್ಲ ಕೇಳಿದ ಮೇಲೆ ಮಗಳು ಅಳಲಿಲ್ಲ. "ಹಾಗಾದ್ರೆ ದಿನಾ ಬೆಳಿಗ್ಗೆ ನಾನೇ, ನನ್ನ ಕೈಯಾರೆ..." ಎಂದು ನಿಲ್ಲಿಸಿದಳು.

"ನಿಂದಲ್ಲ ಕಣೇ ತಪ್ಪು. ನೀನು ಕೇಳಿದ್ದೆ. ಪೈಪ್ ತೋರಿಸಿದ್ದೆ. ನಾನೇ ನಿನ್ನ ಬಾಯಿ ಮುಚ್ಚಿಸ್ದೆ. ಬೈಯಿ ನನ್ನ. ಹೊಡಿ ಬೇಕಾದ್ರೆ."

"ಬೈದ್ರೆ ಅವನಿಗೆ ಮಾತು ಬರುತ್ತೇನಮ್ಮಾ?"

ಅಳಿಯ ಅವತ್ತೇ ಸಂಜೆ ಕ್ಯಾನ್ ನೀರು ತಂದಿಟ್ಟ, ತಿಂಗಳೊಳಗೆ ಬೇರೆ ಮನೆ ನೋಡಿದ. ಡಾಕ್ಟರಮ್ಮ ಔಷಧಿ ಕೊಟ್ಟರು. ರಕ್ತದಲ್ಲಿದ್ದದ್ದು ಇಳಿಯುತ್ತದೆ, ಆದರೆ ತಲೆಗೆ ಆಗಿರುವ ಪೆಟ್ಟು ಎಷ್ಟು ವಾಸಿಯಾಗುತ್ತದೋ ಹೇಳಲಾರೆ ಎಂದರು. ಬಾಟ್ಲಿ ಅಕ್ಕ ಹಳೇ ಬೀದಿಯ ಮನೆಮನೆಗೂ ಹೋಗಿ, ನನ್ನ ಕಾಗದ ನಂಬಬೇಡಿ, ಬೆಳಗಿನ ಮೊದಲ ನೀರು ಮತ್ತೆ ಪರೀಕ್ಷೆ ಮಾಡಿಸಿ ಎಂದು ಹೇಳಿ ಬಂದಳು. ಕೆಲವರು ಕೈ ಮುಗಿದರು, ಕೆಲವರು ಬಾಯಿಗೆ ಬಂದಂತೆ ಬೈದರು. ಬೈದವರ ಮನೆಯಲ್ಲಿ ಅವಳು ಸ್ವಲ್ಪ ಹೆಚ್ಚು ಹೊತ್ತೇ ನಿಂತಳು.

ಹೊಸ ಮನೆಗೆ ಅವಳು ಮೊದಲ ಸಲ ಹೋದದ್ದು ಒಂದು ಮಧ್ಯಾಹ್ನ. ಮಗಳು ಎಂದಿನಂತೆ "ಬಾಮ್ಮಾ, ಕೂತ್ಕೋ," ಎಂದಳು, ತಟ್ಟೆ ಹಾಕಿದಳು, ಕಾಲುನೋವು ಹೇಗಿದೆ ಎಂದು ಕೇಳಿದಳು. ಬದಲಾದದ್ದು ಏನೂ ಇಲ್ಲವೆಂದೇ ತೋರಿತು. ಊಟ ಮುಗಿದ ಮೇಲೆ ಪುಟ್ಟ ಮೆಲ್ಲಗೆ ಬಂದು ಅಜ್ಜಿಯ ಬೆರಳು ಹಿಡಿದ. ಎಷ್ಟೋ ತಿಂಗಳಿಂದ ಅವನಾಗಿ ಹತ್ತಿರ ಬಂದಿರಲಿಲ್ಲ. ಅವಳನ್ನು ಎಳೆದುಕೊಂಡು ಹೋಗಿ ಕ್ಯಾನಿನ ಮುಂದೆ ನಿಲ್ಲಿಸಿ ಅವಳ ಮುಖವನ್ನೇ ನೋಡಿದ. ಬಾಯಾರಿಕೆ. ಹೇಳಲು ಮಾತಿರಲಿಲ್ಲ, ಅದಕ್ಕೇ ಅಜ್ಜಿಯನ್ನು ಕರೆದುಕೊಂಡು ಬಂದಿದ್ದ.

"ಬಂದೆ ನನ್ನಪ್ಪ, ಬಂದೆ," ಎಂದು ಅವಳು ಲೋಟ ತೊಳೆದು, ಒರೆಸಿ, ಕ್ಯಾನಿನಿಂದ ನೀರು ಬಗ್ಗಿಸಿದಳು. ಅವನ ಬಾಯಿಗೆ ಹಿಡಿಯುವಷ್ಟರಲ್ಲಿ ಮಗಳು ಕೋಣೆಯಿಂದ ಓಡಿ ಬಂದು ಅವಳ ಕೈಯಿಂದ ಲೋಟ ತೆಗೆದುಕೊಂಡಳು. ಮಗಳೇ ಕೊಂಡು ತಂದ ನೀರು, ಮಗಳದೇ ಲೋಟ.

"ಇರ್ಲಿ ಬಿಡಮ್ಮಾ, ನಾನ್ ಕೊಡ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳು ಆ ನೀರನ್ನು ಸಿಂಕಿಗೆ ಚೆಲ್ಲಿ, ಅದೇ ಕ್ಯಾನಿನಿಂದ ಮತ್ತೆ ತುಂಬಿ, ಮಗುವನ್ನು ಸೊಂಟಕ್ಕೆತ್ತಿಕೊಂಡು ಕುಡಿಸಿದಳು.

"ಹೌದೌದು, ನೀನೇ ಕೊಡವ್ವಾ," ಎಂದಳು ಅಮ್ಮ.